ಎಣಿಕೆಗೆ ಮರುಳಾಗಬೇಡಿ

ಸೊಲ್ಲಾಪುರದ ಚಾದರ ವ್ಯಾಪಾರಿಗಳೇ, ಅಕ್ಕಲಕೋಟೆಯ ಝೆರಾಕ್ಸ್ ಅಂಗಡಿಯ ತಮ್ಮಂದಿರೇ, ಒಂದು ಮಾತು ಕೇಳಿ. ಒಂದೇ ಕಂಪ್ಯೂಟರಿನಲ್ಲಿ ಒಂದು ಉಚಿತ ಆಂಟಿವೈರಸ್ ಮೂರು ಅಪಾಯ ತೋರಿಸಿ, ಇನ್ನೊಂದು ಮೂವತ್ತು ತೋರಿಸಿದರೆ ಎರಡನೆಯದೇ ಜಾಣ ಎಂದುಕೊಳ್ಳಬೇಡಿ. ಕೆಲವು ಆಂಟಿವೈರಸ್‌ಗಳು ಬ್ರೌಸರಿನ ಕುಕೀಗಳನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ಕೆಲವು ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರನ್ನೇ ವೈರಸ್ ಅಂದುಬಿಡಬಹುದು.

ಹೋಲಿಸಲೇಬೇಕೆಂದರೆ ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಎಂಬ ಪರೀಕ್ಷಾ ಸಂಸ್ಥೆಗಳ ಹೊಸ ವರದಿ ನೋಡಿ. ಎಷ್ಟು ಹಿಡಿಯಿತು ಎನ್ನುವುದರ ಜೊತೆಗೆ ಎಷ್ಟು ಸಲ ಸುಳ್ಳು ಗುಲ್ಲೆಬ್ಬಿಸಿತು ಎಂಬುದನ್ನೂ ಓದಿ. ಪರೀಕ್ಷೆಗೆಂದು ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಹಾಕಬೇಡಿ. ಒಂದಕ್ಕೊಂದು ಅಡ್ಡಬಂದು ಕಂಪ್ಯೂಟರ್ ತೆವಳುತ್ತದೆ. ನಿಜವಾದ ವೈರಸ್ ತಂದು ನೋಡುವ ಸಾಹಸವಂತೂ ಬೇಡವೇ ಬೇಡ. ಆಂಟಿವೈರಸ್ ಎಚ್ಚರವಿದೆಯೇ ಎಂದು ತಿಳಿಯಲು 68 ಅಕ್ಷರಗಳ ನಿರುಪದ್ರವಿ ಐಕಾರ್ ಪರೀಕ್ಷಾ ಫೈಲ್ ಸಾಕು. ಯಾವುದನ್ನೇ ಇಟ್ಟುಕೊಳ್ಳಿ, ಅಪ್‌ಡೇಟ್ ಮಾತ್ರ ತಪ್ಪಿಸಬೇಡಿ.