ಡೇರಿ ಪುಸ್ತಕದ ಹಿಂದಿನ ತಾರೀಕು

ಶ್ರೀರಂಗಪಟ್ಟಣ

ಪ್ರೀತಿಯ ಪುಟ್ಟಿ,

ಮಗುವಿಗೆ ನಾಲ್ಕು ತಿಂಗಳು ತುಂಬಿತೆಂದು ಕೇಳಿ ಸಂತೋಷವಾಯಿತು. ಆದರೆ ಮನೆಗೆ ಬಂದ ಆಶಾ ಕಾರ್ಯಕರ್ತೆ ‘ಮುಂದಕ್ಕೆ ಏನ್ ಮಾಡ್ಕೋತೀಯವ್ವ?’ ಎಂದರೆ ನೀನು ‘ಅವ್ರನ್ನೂ ಅತ್ತೆನೂ ಕೇಳಿ ಹೇಳ್ತೀನಿ’ ಅಂದೆಯಂತೆ. ಆ ಮಾತು ಎರಡು ದಿನದಿಂದ ಮನಸ್ಸಿನಲ್ಲೇ ಕೊರೆಯುತ್ತಿದೆ.

ನಾಗಮಂಗಲ, ಕೆ.ಆರ್.ಪೇಟೆ ಕಡೆಯ ಹಳ್ಳಿಗಳಲ್ಲಿ ನರ್ಸಮ್ಮನಾಗಿ ದುಡಿದವಳು ನಾನು. ಎಷ್ಟು ಜಗಲಿಗಳ ಮೇಲೆ ಇದೇ ಉತ್ತರ ಕೇಳಿದ್ದೇನೋ! ಕೆ.ಆರ್.ಪೇಟೆ ಕಡೆಯ ಒಬ್ಬ ಹೆಣ್ಣುಮಗಳು ಬಸಿರು ತಡೆಯುವ ಅಂತರಾ ಚುಚ್ಚುಮದ್ದಿಗೆ ಬರುತ್ತಿದ್ದಳು. ಕೊಟ್ಟ ಕಾರ್ಡನ್ನು ಮನೆಗೆ ಒಯ್ಯುತ್ತಿರಲಿಲ್ಲ. ‘ಇದ್ರ ಹಿಂದೆ ಬರ್ಕೊಡಿ ಸಿಸ್ಟರ್’ ಎಂದು ಹಾಲಿನ ಡೇರಿ ಪುಸ್ತಕ ಚಾಚುತ್ತಿದ್ದಳು. ಒಳಗೆ ಲೀಟರು, ಫ್ಯಾಟು. ಹಿಂದಿನ ರಟ್ಟಿನ ಮೂಲೆಯಲ್ಲಿ ಮೂರು ತಿಂಗಳಾಚೆಯ ಒಂದು ತಾರೀಕು. ಹಸು ಬೆದೆಗೆ ಬಂದರೆ ಡಾಕ್ಟರನ್ನು ಕರೆಸಿ ಸೂಜಿ ಹಾಕಿಸುವುದು ಅವಳದೇ ತೀರ್ಮಾನ, ಯಾರನ್ನೂ ಕೇಳುತ್ತಿರಲಿಲ್ಲ. ತನ್ನ ಮೈಯ ವಿಷಯ ಮಾತ್ರ ಕದ್ದುಮುಚ್ಚಿ ನಡೆಯಬೇಕಿತ್ತು. ಅವಳ ಧೈರ್ಯ ದೊಡ್ಡದು. ನಿನಗೆ ಆ ಭಯ ಬೇಡ ಎಂದೇ ಬರೆಯುತ್ತಿದ್ದೇನೆ.

ನನ್ನದನ್ನೂ ಹೇಳಿಬಿಡುತ್ತೇನೆ. ಊರಿಗೆಲ್ಲ ತಿಳಿಹೇಳುತ್ತಿದ್ದ ನನ್ನ ಆಪರೇಷನ್‌ಗೆ ದಿನ ಗೊತ್ತುಮಾಡಿದ್ದು ನಮ್ಮತ್ತೆ. ಗಂಡಾಗುವವರೆಗೆ ಬೇಡ ಎಂದರು. ಮೂರನೆಯದು ಗಂಡಾದ ಮೇಲೆ ತಡಮಾಡಬೇಡ ಎಂದರು. ಎರಡಕ್ಕೂ ತಲೆಯಾಡಿಸಿದೆ. ಇವತ್ತಿಗೂ ಅದು ನನಗೆ ನೋವು. ಗಂಡೇ ಬೇಕೆಂಬ ಹಟ ಎಲ್ಲಿಗೆ ಮುಟ್ಟುತ್ತದೆಂದು 2023ರಲ್ಲಿ ನಮ್ಮ ಮಂಡ್ಯದ ಆಲೆಮನೆಯಲ್ಲೇ ಕಂಡೆವಲ್ಲ, ಬೆಲ್ಲ ಬೇಯಿಸುವ ಜಾಗದಲ್ಲಿ ಹೆಣ್ಣು ಭ್ರೂಣ ಹುಡುಕುತ್ತಿದ್ದರು.

ಗಂಡನ ಸಹಿ ಬೇಕು ಎಂದು ಯಾರಾದರೂ ಅಂದರೆ ನಂಬಬೇಡ. ವಂಕಿಗಾಗಲಿ, ಚುಚ್ಚುಮದ್ದಿಗಾಗಲಿ, ಆಪರೇಷನ್‌ಗಾಗಲಿ ಸರ್ಕಾರದ ನಿಯಮ ಕೇಳುವುದು ನಿನ್ನ ಒಪ್ಪಿಗೆಯನ್ನು. ನಮ್ಮ ಕಡೆಗೆ ಇದೇನು ಹೊಸ ಮಾತಲ್ಲ. ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳನ್ನು ತೆರೆಯಲು ಆದೇಶ ಹೊರಡಿಸಿದ್ದು 1930ರಲ್ಲಿ. ಜಗತ್ತಿನಲ್ಲೇ ಸರ್ಕಾರವೊಂದು ಹಾಗೆ ಮಾಡಿದ್ದು ಅದೇ ಮೊದಲು ಎನ್ನುತ್ತಾರೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡು: ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಸೊನ್ನೆಯ ಹತ್ತಿರ. ಅವರದು ಹೊಟ್ಟೆ ಕೊಯ್ಯದ, ಹೆಚ್ಚು ಸುಲಭದ ಚಿಕಿತ್ಸೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು.

ಇನ್ನೊಂದು ಮಗು ಮೂರು ವರ್ಷ ಬಿಟ್ಟು ಸಾಕು ಅಂದೆಯಲ್ಲ, ಹಾಗಾದರೆ ಆಪರೇಷನ್ ಮಾತು ಈಗ ಬೇಡ. ಹಾಲುಣಿಸುವವಳು ಆರು ತಿಂಗಳವರೆಗೆ ಮಾಲಾ-ಡಿ ನುಂಗಬಾರದು. ಛಾಯಾ ಮಾತ್ರೆ ಆಗುತ್ತದೆ. ಕಾಪರ್-ಟಿ ವಂಕಿ ಹಾಕಿಸಿದರೆ ಬೇಕೆಂದಾಗ ತೆಗೆಸಬಹುದು. ಅಂತರಾದಲ್ಲಿ ಮುಟ್ಟು ಏರುಪೇರಾಗಬಹುದು, ನಿಲ್ಲಿಸಿದ ಮೇಲೆ ಬಸಿರು ನಿಲ್ಲಲು ಕೆಲವು ತಿಂಗಳು ಹಿಡಿಯುತ್ತದೆ. ಇದನ್ನೆಲ್ಲ ಮೊದಲೇ ಕೇಳಿ ತಿಳಿದುಕೋ. ಅಳಿಯಂದಿರೊಡನೆ ಮಾತಾಡು, ಖಂಡಿತ ಮಾತಾಡು. ಅಪ್ಪಣೆ ಕೇಳುವವಳ ಹಾಗಲ್ಲ, ‘ನಾನು ಹಿಂಗೆ ಅಂದ್ಕೊಂಡಿದ್ದೀನಿ’ ಎಂದು.

ಆಸ್ಪತ್ರೆಗೆ ಹೋಗುವ ದಿನ ತಿಳಿಸು. ಪಾಂಡವಪುರದ ಬಸ್ಸು ಹತ್ತಿ ಬರುತ್ತೇನೆ. ಮಗುವನ್ನೆತ್ತಿಕೊಂಡು ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಒಳಗೆ ನೀನೇ ಮಾತಾಡು.

ನಿನ್ನ
ದೊಡ್ಡಮ್ಮ