ನಮ್ಮ ಕುಂಡದ ನಿತ್ಯಪುಷ್ಪ



ಬ್ರಿಕ್‌ಫೀಲ್ಡ್ಸ್‌ನ ನಮ್ಮ ಫ್ಲ್ಯಾಟಿನ ಬಾಗಿಲ ಬಳಿ ಎರಡು ಕುಂಡ ನಿತ್ಯಪುಷ್ಪ ಇವೆ. ಊರಲ್ಲಿ ಕೆಲವರು ಕಾಶಿಕಣಗಿಲೆ ಎನ್ನುತ್ತಾರೆ. ಇಲ್ಲಿಯ ತಮಿಳರಿಗೆ ಅದು ನಿತ್ಯಕಲ್ಯಾಣಿ. ಶಿವಮೊಗ್ಗದಿಂದ ಬಂದಿದ್ದ ಅತ್ತೆ ದಿನವೂ ಹೂವನ್ನು ದೇವರಿಗೆ, ಎಲೆಯನ್ನು ತಮ್ಮ ಸಕ್ಕರೆ ಕಾಯಿಲೆಗೆ ಎಂದು ಕೀಳುತ್ತಿದ್ದರು. ಪಕ್ಕದ ಮನೆಯ ಹುಡುಗನಿಗೆ ರಕ್ತದ ಕ್ಯಾನ್ಸರ್. ಅವನಿಗೆ ಕೊಡುತ್ತಿದ್ದ ಒಂದು ಇಂಜೆಕ್ಷನ್ ಇದೇ ಗಿಡದಿಂದ ಬಂದದ್ದು ಎಂದು ಒಮ್ಮೆ ನಾನೇ ಬಾಯಿಬಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಅತ್ತೆ ಅವರ ಬಾಗಿಲಲ್ಲಿ, ಕೈಯಲ್ಲಿ ಎಲೆಯ ಕಷಾಯ! ಹುಡುಗನ ತಾಯಿ ಆಗಲೇ ಕೈ ಚಾಚಿದ್ದರು. ಲೋಟ ಕಸಿದುಕೊಂಡು ವಾಪಸು ತಂದೆ. ಅತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗಿಡಗಳು ತಯಾರಿಸುವ, ಸಾರಜನಕವಿರುವ, ಸಾಮಾನ್ಯವಾಗಿ ಕಹಿಯಾದ ವಸ್ತುಗಳೇ ಆಲ್ಕಲಾಯ್ಡ್‌ಗಳು. ಕಾಫಿಯ ಕೆಫೀನ್, ಮಲೇರಿಯಾಕ್ಕೆ ಕೊಡುವ ಕ್ವಿನೀನ್ ಇದೇ ಗುಂಪಿನವು. ನಿತ್ಯಪುಷ್ಪ ಒಂದರಲ್ಲೇ ಇಂಥವು ನೂರಕ್ಕೂ ಹೆಚ್ಚು.

ಅತ್ತೆಯ ನಂಬಿಕೆ ಜಮೈಕಾದ ಜನರಲ್ಲೂ ಇತ್ತು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅಲ್ಲಿಂದ ಬಂದ ಎಲೆಯ ಸಾರವನ್ನು ಇಲಿಗಳಿಗೆ ಕುಡಿಸಿದರು. ಸಕ್ಕರೆ ಇಳಿಯಲಿಲ್ಲ. ಇಂಜೆಕ್ಷನ್ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು. ಅವುಗಳ ಬಿಳಿ ರಕ್ತಕಣಗಳು ತೀರಾ ಕುಸಿದಿದ್ದವು. ಬೇರೆಯವರಾದರೆ ಅಲ್ಲಿಗೇ ಕೈಬಿಡುತ್ತಿದ್ದರೇನೋ. ಬಿಳಿ ರಕ್ತಕಣಗಳು ಮಿತಿಮೀರುವ ರೋಗಕ್ಕೆ ಇದೇ ಮದ್ದಾಗಬಾರದೇಕೆ ಎಂಬ ದಾರಿಯಲ್ಲಿ ವಿನ್‌ಬ್ಲಾಸ್ಟಿನ್ ಸಿಕ್ಕಿತು. ಅದರ ಸೋದರ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಜೀವಕೋಶ ಎರಡಾಗಿ ಒಡೆಯಲು ಬೇಕಾದ ಸೂಕ್ಷ್ಮ ಎಳೆಗಳು ಕಟ್ಟಿಕೊಳ್ಳದಂತೆ ಇವು ತಡೆಯುತ್ತವೆ.

ಆದರೆ ಎಲೆಯಲ್ಲಿ ಇವು ಇರುವುದು ಎಷ್ಟು? ಸುಮಾರು 500 ಕಿಲೋ ಒಣ ಎಲೆಗೆ 1 ಗ್ರಾಂ ವಿನ್‌ಬ್ಲಾಸ್ಟಿನ್ ಎಂಬ ಲೆಕ್ಕವಿದೆ. ವಿನ್‌ಕ್ರಿಸ್ಟಿನ್ ಇನ್ನೂ ಕಡಿಮೆ. ಹಾಗಾಗಿ ಎಲೆಯಲ್ಲಿ ಹೆಚ್ಚಾಗಿ ಸಿಗುವ ಕ್ಯಾಥರಾಂಥಿನ್, ವಿಂಡೋಲಿನ್ ಎಂಬೆರಡನ್ನು ತೆಗೆದು ರಾಸಾಯನಿಕವಾಗಿ ಜೋಡಿಸುವ ವಿಧಾನವೂ ಬಂದಿದೆ. 2022ರಲ್ಲಿ ವಿಜ್ಞಾನಿಗಳು ಈ ಎರಡನ್ನೂ ಯೀಸ್ಟ್‌ನಲ್ಲೇ ತಯಾರಿಸಿ ತೋರಿಸಿದರು.

ವಿನ್‌ಕ್ರಿಸ್ಟಿನ್ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರುವುದಿಲ್ಲ. ಸ್ವಲ್ಪ ಹೆಚ್ಚಾದರೂ ನರಗಳಿಗೆ ಪೆಟ್ಟು. ರಕ್ತನಾಳಕ್ಕೇ ಕೊಡಬೇಕು, ತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಪ್ರಾಣಕ್ಕೇ ಸಂಚಕಾರ. ಲೋಟದ ಕಷಾಯದಲ್ಲಿ ಯಾವುದು ಎಷ್ಟಿದೆ ಎಂದು ಅಳೆಯುವವರು ಯಾರು? ಮೊದಲೇ ಬಿಳಿ ರಕ್ತಕಣ ಇಳಿದಿರುವ ಮಗುವಿಗೆ ಅದನ್ನು ಕುಡಿಸುವುದೇ? ನಿಮ್ಮಲ್ಲಿ ಯಾರಾದರೂ ಈ ಎಲೆ ಸೇವಿಸುತ್ತಿದ್ದರೆ ದಯವಿಟ್ಟು ಡಾಕ್ಟರಿಗೆ ತಿಳಿಸಿ.

ಅತ್ತೆ ಎಲ್ಲ ಕೇಳಿ, "ಅಲ್ವೋ, ಆ ಇಲಿಗಳಿಗೆ ಪಥ್ಯ ಮಾಡಿಸಿದ್ರಾ?" ಎಂದರು. ಆದರೂ ಊರಿಗೆ ಹೊರಡುವ ತನಕ ಹೂವನ್ನಷ್ಟೇ ಕಿತ್ತರು.