ಎಲ್ ಬೋರ್ಡ್ ಹಾಕಿದ ಮೇಲಿನ ಮೂವತ್ತು ದಿನ

ಕಾರು ಕಲಿಯಲು ಹೊರಟವರು ಮೊದಲು ವಿಚಾರಿಸುವುದು ಡ್ರೈವಿಂಗ್ ಸ್ಕೂಲಿನ ಫೀಸು. ಅದರ ಬೆನ್ನಿಗೇ ಬರುವ ಪ್ರಶ್ನೆ, ಡಿಎಲ್ ಕೈಗೆ ಬರಲು ಎಷ್ಟು ದಿನ ಬೇಕು ಎಂಬುದು. ಇದಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಉತ್ತರವಿದೆ. ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಸಿಕ್ಕಿ ಕನಿಷ್ಠ 30 ದಿನ ಕಳೆಯದೆ ಯಾರೂ ಚಾಲನಾ ಪರೀಕ್ಷೆಗೆ ಹಾಜರಾಗುವಂತಿಲ್ಲ. ಎಲ್‌ಎಲ್‌ಆರ್ ಊರ್ಜಿತವಾಗಿರುವುದು 6 ತಿಂಗಳು. ಈ 30 ದಿನಗಳನ್ನು ಬರೀ ಕಾಯುವ ಅವಧಿ ಎಂದುಕೊಂಡು ಕಳೆದುಬಿಡುವವರೇ ಹೆಚ್ಚು. ಅಂಥವರು ಟ್ರ್ಯಾಕಿನಲ್ಲಿ ತಡವರಿಸುತ್ತಾರೆ. ಹೇಗೋ ಪಾಸಾದರೂ ರಸ್ತೆಗೆ ಇಳಿಯಲು ಧೈರ್ಯ ಸಾಲದೆ ಕಾರನ್ನು ಮನೆ ಮುಂದೆಯೇ ನಿಲ್ಲಿಸಿಟ್ಟಿರುತ್ತಾರೆ. ಕಾನೂನು ಆ ಸಮಯವನ್ನು ಕೊಟ್ಟಿರುವುದು ಕಲಿಯಲಿ ಎಂದೇ.

ಅರ್ಜಿ ಹಾಕುವ ಮುನ್ನ

ಕಾರಿಗಾಗಲಿ ಗೇರ್ ಇರುವ ಬೈಕಿಗಾಗಲಿ 18 ವರ್ಷ ತುಂಬಿರಬೇಕು. 16ಕ್ಕೇ ಲೈಸೆನ್ಸ್ ಸಿಗುತ್ತದೆ ಎಂಬ ಮಾತು ಅರ್ಧ ಸತ್ಯ. ಆ ಅವಕಾಶ ಇರುವುದು 50 ಸಿಸಿ ಮೀರದ ಗೇರ್‌ರಹಿತ ವಾಹನಕ್ಕೆ ಮಾತ್ರ, ಅದೂ ಪೋಷಕರ ಒಪ್ಪಿಗೆ ಇದ್ದರೆ. ಇಂದು ಮನೆಮನೆಯಲ್ಲಿರುವ ಸ್ಕೂಟರ್‌ಗಳು 110, 125 ಸಿಸಿಯವು. ಹಾಗಾಗಿ ಟ್ಯೂಷನ್‌ಗೆ ಹೋಗುವ ಪಿಯುಸಿ ಹುಡುಗನ ಕೈಗೆ ಅದರ ಕೀ ಕೊಡುವ ಮುನ್ನ ಅಪ್ಪ ಅಮ್ಮ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯನ್ನು ತಿಳಿದಿರಬೇಕು. ಅಪ್ರಾಪ್ತರು ವಾಹನ ಓಡಿಸಿ ಅಪರಾಧಕ್ಕೆ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ.

ಅರ್ಜಿಯ ಜೊತೆ ತಮ್ಮ ಆರೋಗ್ಯದ ಬಗ್ಗೆ ಸ್ವಯಂ ಘೋಷಣೆ ಕೊಡಬೇಕಾಗುತ್ತದೆ. ಅದರಲ್ಲಿ ಕಣ್ಣಿನ ಬಗ್ಗೆ ಒಂದು ಪ್ರಶ್ನೆಯಿದೆ: ಹಗಲು ಬೆಳಕಿನಲ್ಲಿ, ಕನ್ನಡಕ ಹಾಕುವವರಾದರೆ ಹಾಕಿಕೊಂಡೇ, 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲಿರಾ? ಹೆಚ್ಚಿನವರು ಓದದೆಯೇ ‘ಹೌದು’ ಎಂದು ಟಿಕ್ ಹಾಕುತ್ತಾರೆ. ಬೀದಿಯಲ್ಲಿ ನಿಂತ ಕಾರಿನಿಂದ ಆರು ಕಾರುಗಳ ಉದ್ದದಷ್ಟು ಹಿಂದೆ ಸರಿದು ಒಮ್ಮೆ ಓದಿ ನೋಡುವುದು ಒಳ್ಳೆಯದು. ಅಕ್ಷರ ಮಸುಕಾದರೆ ಮೊದಲು ಹೋಗಬೇಕಾದದ್ದು ಕಣ್ಣಿನ ಡಾಕ್ಟರ ಬಳಿಗೆ. 40 ದಾಟಿದವರಿಗೆ ಸ್ವಯಂ ಘೋಷಣೆಯೊಂದೇ ಸಾಲದು, ವೈದ್ಯಕೀಯ ಪ್ರಮಾಣಪತ್ರವೂ ಬೇಕು.

ಅರ್ಜಿ ಹಾಕುವುದು ಪರಿವಾಹನ್ ಜಾಲತಾಣದ ‘ಸಾರಥಿ’ ವಿಭಾಗದಲ್ಲಿ. ಆಧಾರ್ ದೃಢೀಕರಣದ ಆಯ್ಕೆ ತೆಗೆದುಕೊಂಡರೆ ಎಲ್‌ಎಲ್‌ಆರ್ ಪರೀಕ್ಷೆಯನ್ನೂ ಮನೆಯಿಂದಲೇ ಬರೆಯಬಹುದು. ಶುಲ್ಕದ ಲೆಕ್ಕ ಗುಟ್ಟಿನದೇನಲ್ಲ. ಕೇಂದ್ರದ ನಿಯಮದ ಪ್ರಕಾರ ಒಂದು ವರ್ಗದ ವಾಹನಕ್ಕೆ ಎಲ್‌ಎಲ್‌ಆರ್‌ಗೆ 150, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ಡಿಎಲ್‌ಗೆ 200. ಒಟ್ಟು 700 ರೂಪಾಯಿ. ರಾಜ್ಯಗಳು ಸೇರಿಸುವ ಸೇವಾ ಶುಲ್ಕ ಬೇರೆ. ಏಜೆಂಟರು ಹೇಳುವ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಉಳಿದ ಹಣ ಯಾವ ಸೇವೆಗೆ ಎಂದು ಕೇಳಬೇಕೆನಿಸುತ್ತದೆ.

ಎಲ್‌ಎಲ್‌ಆರ್ ಪರೀಕ್ಷೆ ಕಷ್ಟದ್ದಲ್ಲ. ಫಲಕಗಳ ಆಕಾರದ ಹಿಂದಿನ ತರ್ಕ ಹಿಡಿದರೆ ಉರು ಹೊಡೆಯುವ ಕೆಲಸ ಬಹಳ ಕಡಿಮೆಯಾಗುತ್ತದೆ. ಕೆಂಪು ಅಂಚಿನ ದುಂಡು ಫಲಕ ನಿಷೇಧ ಅಥವಾ ಮಿತಿ ಹೇಳುತ್ತದೆ, ತ್ರಿಕೋನ ಎಚ್ಚರಿಸುತ್ತದೆ, ನೀಲಿ ಆಯತ ಮಾಹಿತಿ ಕೊಡುತ್ತದೆ. ಎಂಟು ಮೂಲೆಯ ‘ನಿಲ್ಲಿ’ ಮತ್ತು ತಲೆಕೆಳಗಾದ ತ್ರಿಕೋನದ ‘ದಾರಿ ಬಿಡಿ’ ಫಲಕಗಳಿಗೆ ಬೇರೆಯೇ ಆಕಾರ ಕೊಟ್ಟಿರುವುದು ಧೂಳು ಮೆತ್ತಿಕೊಂಡಿದ್ದರೂ, ಹಿಂಬದಿಯಿಂದ ಕಂಡರೂ ಗುರುತು ಸಿಗಲಿ ಎಂದು. ವೃತ್ತದಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲು ದಾರಿ ಎಂಬಂಥ ಪ್ರಶ್ನೆಗಳಲ್ಲೇ ಹಲವರು ಎಡವುತ್ತಾರೆ.

ಕಾಲಿಗೆ ಬರಬೇಕಾದ ವಿದ್ಯೆ

ಎಲ್‌ಎಲ್‌ಆರ್ ಬಂತೆಂದರೆ ಒಬ್ಬರೇ ಓಡಿಸಬಹುದು ಎಂದಲ್ಲ. ಆ ವಾಹನದ ಲೈಸೆನ್ಸ್ ಇರುವವರೊಬ್ಬರು, ಬೇಕೆಂದಾಗ ವಾಹನ ನಿಲ್ಲಿಸಬಲ್ಲ ಜಾಗದಲ್ಲಿ, ಪಕ್ಕದಲ್ಲೇ ಕೂತಿರಬೇಕು. ಮುಂದೆಯೂ ಹಿಂದೆಯೂ ಬಿಳಿ ಹಿನ್ನೆಲೆಯ ಮೇಲೆ ಕೆಂಪು ‘ಎಲ್’ ಇರಬೇಕು. ಅಕ್ಷರದ ಎತ್ತರ ಕನಿಷ್ಠ 10 ಸೆಂಟಿಮೀಟರ್. ಬೈಕ್ ಕಲಿಯುವವರು ಹಿಂದೆ ಕೂರಿಸಿಕೊಳ್ಳಬಹುದಾದದ್ದು ಕಲಿಸುವವರನ್ನು ಮಾತ್ರ, ಗೆಳೆಯರನ್ನಲ್ಲ.

ಮೊದಲ ದಿನ ಎಂಜಿನ್ ಆನ್ ಮಾಡುವ ಮುಂಚೆ ಹತ್ತು ನಿಮಿಷ ಸೀಟಿಗೆ ಕೊಡಬೇಕು. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮಂಡಿ ತುಸು ಮಡಚಿರಬೇಕು. ಕಾಲು ನೆಟ್ಟಗಾಯಿತೆಂದರೆ ಸೀಟು ದೂರವಿದೆ ಎಂದರ್ಥ. ಎರಡೂ ಬದಿಯ ಕನ್ನಡಿಯಲ್ಲಿ ತಮ್ಮ ಕಾರಿನ ಒಂದಂಚು ಕಂಡರೆ ಸಾಕು, ಉಳಿದದ್ದೆಲ್ಲ ರಸ್ತೆಯಾಗಿರಬೇಕು.

ಆಮೇಲಿನ ಒಂದು ವಾರ ಹಾಫ್ ಕ್ಲಚ್‌ಗೆ. ಸಮತಟ್ಟಾದ ಖಾಲಿ ಜಾಗದಲ್ಲಿ ಫಸ್ಟ್ ಗೇರ್ ಹಾಕಿ, ಆಕ್ಸಲರೇಟರ್ ಮುಟ್ಟದೆ, ಹಿಮ್ಮಡಿಯನ್ನು ನೆಲಕ್ಕೆ ಊರಿಕೊಂಡು ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತ ಬರಬೇಕು. ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ತಗ್ಗುತ್ತದೆ, ಸ್ಟೇರಿಂಗ್ ಸಣ್ಣಗೆ ಅದುರುತ್ತದೆ, ಬಾನೆಟ್ ಒಂದಿಷ್ಟು ಮೇಲೇಳುತ್ತದೆ. ಎಂಜಿನ್ನಿನ ಬಲ ಚಕ್ರಕ್ಕೆ ತಲುಪತೊಡಗುವ ಜಾಗ ಅದೇ. ಕಾಲನ್ನು ಅಲ್ಲೇ ತಡೆದರೆ ಕಾರು ಆಮೆಯ ನಡಿಗೆಯಲ್ಲಿ ಮುಂದೆ ಸರಿಯುತ್ತದೆ. ತಡೆಯದೆ ಬಿಟ್ಟರೆ ಜರ್ಕ್ ಹೊಡೆದು ಆಫ್ ಆಗುತ್ತದೆ. ಪ್ರತಿ ಕಾರಿನಲ್ಲೂ ಈ ಜಾಗ ಬೇರೆ. ಡ್ರೈವಿಂಗ್ ಸ್ಕೂಲಿನ ಹಳೆ ಕಾರಿನಲ್ಲಿ ಪಳಗಿದವರು ಮನೆಯ ಹೊಸ ಕಾರಿನಲ್ಲಿ ಗಲಿಬಿಲಿಗೊಳ್ಳುವುದು ಇದಕ್ಕೇ. ಪರೀಕ್ಷೆಗೆ ಯಾವ ಕಾರಿನಲ್ಲಿ ಹೋಗುತ್ತಾರೋ ಅದರಲ್ಲೇ ಕೊನೆಯ ವಾರ ಅಭ್ಯಾಸ ಮಾಡುವುದು ಕ್ಷೇಮ.

ಸ್ಕೂಲಿನ ಕಾರಿನಲ್ಲಿ ಇನ್ನೊಂದು ತೊಡಕಿದೆ. ಪಕ್ಕದ ಸೀಟಿನ ಮಾಸ್ಟರ್ ಕಾಲಡಿಯಲ್ಲೂ ಕ್ಲಚ್, ಬ್ರೇಕ್ ಇರುತ್ತದೆ. ಕಲಿಯುವವರು ತಪ್ಪುವ ಮೊದಲೇ ಅವರು ಸರಿಪಡಿಸಿಬಿಟ್ಟರೆ, ಕಾರು ಓಡಿಸಿದ್ದು ಯಾರು ಎಂಬುದೇ ತಿಳಿಯುವುದಿಲ್ಲ. ‘ಸರ್, ಅಪಾಯವಿಲ್ಲದ ಕಡೆ ನೀವು ಪೆಡಲ್ ಮುಟ್ಟಬೇಡಿ, ಆಫ್ ಆದರೆ ಆಗಲಿ’ ಎಂದು ಕೇಳುವ ಹಕ್ಕು ಫೀಸು ಕೊಟ್ಟವರಿಗಿದೆ. ಕೇಳಲೇಬೇಕು.

ಎಚ್, ಎಂಟು ಮತ್ತು ಏರು

ಚಾಲನಾ ಪರೀಕ್ಷೆಯಲ್ಲಿ ಏನೇನು ನೋಡಬೇಕು ಎಂದು ಕೇಂದ್ರ ನಿಯಮ 15 ಪಟ್ಟಿ ಮಾಡಿದೆ: ಹೊರಡುವ ಮುನ್ನ ಕನ್ನಡಿ ಹೊಂದಿಸುವುದು, ಗೇರ್ ಏರಿಸುವುದು ಮತ್ತು ಇಳಿಸುವುದು, ಸಿಗ್ನಲ್ ಕೊಡುವ ಮುಂಚೆ ಕನ್ನಡಿ ನೋಡುವುದು, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಹೊರಡುವುದು, ಇಕ್ಕಟ್ಟಿನ ಜಾಗಕ್ಕೆ ರಿವರ್ಸ್ ಬರುವುದು ಹೀಗೆ. ಬೆಂಗಳೂರಿನ ಜ್ಞಾನಭಾರತಿಯಂಥ ಸ್ವಯಂಚಾಲಿತ ಟ್ರ್ಯಾಕ್‌ಗಳಲ್ಲಿ ಇದನ್ನು ಸೆನ್ಸರ್ ಮತ್ತು ಕ್ಯಾಮೆರಾಗಳೇ ದಾಖಲಿಸುತ್ತವೆ. ಉಳಿದೆಡೆ ಜನ ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದು ಕರೆಯುವ ಮೋಟಾರು ವಾಹನ ನಿರೀಕ್ಷಕರು ನೋಡುತ್ತಾರೆ.

ರಿವರ್ಸ್ ಬರಬೇಕಾದ ‘ಎಚ್’ ಆಕಾರದ ಟ್ರ್ಯಾಕಿಗೆ ಸ್ಕೂಲುಗಳಲ್ಲಿ ಸಿದ್ಧಸೂತ್ರವೊಂದಿದೆ. ಇಂಥ ಕಂಬ ಹಿಂದಿನ ಕಿಟಕಿಯಲ್ಲಿ ಕಂಡ ಕೂಡಲೇ ಸ್ಟೇರಿಂಗನ್ನು ಪೂರ್ತಿ ತಿರುಗಿಸು ಎಂಬುದು. ಆ ಟ್ರ್ಯಾಕಿನಲ್ಲಿ, ಆ ಕಾರಿನಲ್ಲಿ ಅದು ನಡೆಯುತ್ತದೆ. ಮದುವೆ ಛತ್ರದ ಪಾರ್ಕಿಂಗ್‌ನಲ್ಲಿ ಕಂಬ ಎಲ್ಲಿಂದ ಬರಬೇಕು? ಅದರ ಬದಲು ಮೈದಾನದಲ್ಲಿ ನಾಲ್ಕು ಖಾಲಿ ಪೇಂಟ್ ಡಬ್ಬ ಇಟ್ಟು, ಒಂದೊಂದರಲ್ಲೂ ಉದ್ದನೆಯ ಕೋಲು ನಿಲ್ಲಿಸಿ, ಹಾಫ್ ಕ್ಲಚ್‌ನಲ್ಲಿ ರಿವರ್ಸ್ ಬರುವುದನ್ನು ರೂಢಿಸಿಕೊಳ್ಳಬೇಕು. ತಿರುಗುವ ಕಡೆಯ ಕನ್ನಡಿಯಲ್ಲಿ ಹಿಂದಿನ ಚಕ್ರ ಮತ್ತು ಕೋಲಿನ ನಡುವಿನ ಅಂತರವನ್ನು ನೋಡುತ್ತಿರಬೇಕು. ಅದೇ ಹೊತ್ತಿಗೆ ಕಾರಿನ ಮೂತಿ ಎದುರು ಬದಿಗೆ ಅಗಲವಾಗಿ ಸುತ್ತುತ್ತದೆ. ಗೆರೆ ಮುಟ್ಟುವುದು ಬಹುತೇಕ ಅಲ್ಲೇ. ಕೈಗಿಂತ ಕಾರು ವೇಗವಾಗಿದೆ ಅನಿಸಿದ ಕ್ಷಣ ಕ್ಲಚ್ ಒತ್ತಿ ವೇಗ ತಗ್ಗಿಸಬೇಕು.

ಏರಿನ ಪರೀಕ್ಷೆಗೆ ಹ್ಯಾಂಡ್‌ಬ್ರೇಕ್ ಬಳಸಲು ಸಂಕೋಚಪಡುವವರಿದ್ದಾರೆ. ಅದು ಹೊಸಬರ ಊರುಗೋಲು ಎಂಬ ಭಾವನೆ ತಪ್ಪು, ನಿಯಮದಲ್ಲೇ ಅದರ ಹೆಸರಿದೆ. ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಕ್ಲಚ್ಚನ್ನು ಬಾನೆಟ್ ಏಳುವವರೆಗೆ ಬಿಟ್ಟು, ಸ್ವಲ್ಪ ಆಕ್ಸಲರೇಟರ್ ಕೊಟ್ಟು, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಬೇಕು. ಅನುಕ್ರಮ ತಪ್ಪಿದರಷ್ಟೇ ಕಾರು ಜಾರುತ್ತದೆ.

ದ್ವಿಚಕ್ರದವರ ‘ಎಂಟು’ ಅಂಕಿಯಾಕಾರದ ಟ್ರ್ಯಾಕ್ ದಾಟಲು ನೋಟ ಮುಂದಿನ ತಿರುವಿನ ಮೇಲಿರಬೇಕು. ಮುಂದಿನ ಚಕ್ರ ನೋಡುತ್ತ ಕೂತವರು ಕಾಲು ಊರುತ್ತಾರೆ.

ಪರೀಕ್ಷೆಯ ದಿನ

ಸ್ಲಾಟ್ ಬುಕ್ ಮಾಡಿದ ಚೀಟಿ, ಎಲ್‌ಎಲ್‌ಆರ್, ವಾಹನದ ಆರ್‌ಸಿ, ಊರ್ಜಿತ ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ ಹಿಂದಿನ ರಾತ್ರಿಯೇ ಒಂದು ಫೈಲಿಗೆ ಸೇರಲಿ. ಬೈಕಿನವರಿಗೆ ಐಎಸ್‌ಐ ಗುರುತಿನ ಹೆಲ್ಮೆಟ್ ಬೇಕು. ಹವಾಯಿ ಚಪ್ಪಲಿ ಪೆಡಲಿನಿಂದ ಜಾರುತ್ತದೆ, ಶೂ ಒಳ್ಳೆಯದು. ಸೀಟ್ ಬೆಲ್ಟ್ ಹಾಕಿ, ಕನ್ನಡಿಗಳನ್ನು ಮುಟ್ಟಿ ಸರಿಪಡಿಸಿಯೇ ಹೊರಡಬೇಕು.

ಫೇಲಾದರೆ 7 ದಿನದ ನಂತರ ಮತ್ತೆ ಹಾಜರಾಗಬಹುದು. ಮೂರು ಸಲವೂ ಆಗದಿದ್ದರೆ ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು. ಫೇಲಾದವರು ಕಾರಿನಿಂದ ಇಳಿಯುತ್ತಲೇ ತಪ್ಪಾದದ್ದು ಎಲ್ಲಿ ಎಂದು ನಿರೀಕ್ಷಕರನ್ನು ಕೇಳಿ ಬರೆದುಕೊಂಡರೆ ಮುಂದಿನ ವಾರದ ಅಭ್ಯಾಸಕ್ಕೆ ದಿಕ್ಕು ಸಿಗುತ್ತದೆ.

ಸ್ಕೂಲಿನ ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯೇ ಬೇಡವಂತೆ ಎಂಬ ಸುದ್ದಿ ಆಗಾಗ ವಾಟ್ಸಾಪಿನಲ್ಲಿ ಸುತ್ತುತ್ತದೆ. 2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ ಆ ವಿನಾಯಿತಿ ಇರುವುದು ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಕಲಿತವರಿಗೆ ಮಾತ್ರ. ಅಲ್ಲಿ ಕಾರಿನ ತರಬೇತಿ 29 ಗಂಟೆ, ಅದರಲ್ಲಿ 21 ಗಂಟೆ ಸ್ಟೇರಿಂಗ್ ಹಿಡಿಯಲು. ಬಡಾವಣೆಯ ಸಾಮಾನ್ಯ ಸ್ಕೂಲಿಗೆ ಇದು ಅನ್ವಯಿಸದು.

ಪಾಸಾದವರಿಗೆ 30 ವರ್ಷದೊಳಗಿದ್ದರೆ ಡಿಎಲ್ 40 ತುಂಬುವವರೆಗೆ ಊರ್ಜಿತ, 30ರಿಂದ 50ರ ನಡುವಿನವರಿಗೆ 10 ವರ್ಷ. ಕಾರ್ಡ್ ಮರೆತರೂ ಡಿಜಿಲಾಕರ್‌ನಲ್ಲಿ ತೋರಿಸಿದರೆ ನಡೆಯುತ್ತದೆ.

ಮಳೆ, ರಾತ್ರಿ, ಹೆದ್ದಾರಿ, ಈ ಮೂರನ್ನೂ ಯಾವ ಟ್ರ್ಯಾಕೂ ಪರೀಕ್ಷಿಸುವುದಿಲ್ಲ. ಡಿಎಲ್ ಬಂದ ಮೇಲೂ ಅನುಭವಿಗಳೊಬ್ಬರನ್ನು ಪಕ್ಕ ಕೂರಿಸಿಕೊಂಡು ಒಂದೊಂದಾಗಿ ಮುಗಿಸಬೇಕು. ಘಾಟಿಗೆ ಇಳಿಯುವುದು ಎಲ್ಲಕ್ಕಿಂತ ಕೊನೆಗೆ. ಆಗುಂಬೆಯಾಗಲಿ ಚಾರ್ಮಾಡಿಯಾಗಲಿ, ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ನ್ಯೂಟ್ರಲ್‌ನಲ್ಲಿ ಬಿಟ್ಟು ಬ್ರೇಕನ್ನೇ ಒತ್ತುತ್ತ ಬಂದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇಕ್ಕಟ್ಟಿನ ತಿರುವಿನಲ್ಲಿ ಎದುರುಬದುರಾದರೆ ಇಳಿಯುವವರೇ ನಿಂತು ಹತ್ತುವವರಿಗೆ ದಾರಿ ಬಿಡಬೇಕೆಂಬುದು ರಸ್ತೆ ನಿಯಮ. ತುಂಬಿದ ಲಾರಿಯೊಂದು ಆ ಏರಿನಲ್ಲಿ ನಿಂತರೆ ಮತ್ತೆ ಹೊರಡಲು ಎಷ್ಟು ತಿಣುಕಬೇಕು ಎಂಬುದು ಏರಿನ ಪರೀಕ್ಷೆ ಮುಗಿಸಿ ಬಂದವರಿಗೆ ಗೊತ್ತಿರುತ್ತದೆ.